ವಾಲ್ವಿನ ಸದ್ದೂ ಆಪರೇಟರನ ಸಂಸಾರವೂ

ವಾಲ್ವ್ ರಿಪೇರಿ ಎಂದರೆ ಗ್ರೀಸು, ಸ್ಪ್ಯಾನರು, ಬೆನ್ನುನೋವು ಇಷ್ಟೇ ಎಂದುಕೊಂಡು ಈ ಕೆಲಸಕ್ಕೆ ಇಳಿದವನು ನಾನು. ಶಿರಸಿಯಲ್ಲಿ ವರ್ಕ್‌ಶಾಪ್ ಇಟ್ಟು, ಇತ್ತ ಸಿದ್ದಾಪುರ ಅತ್ತ ಯಲ್ಲಾಪುರ ಅಂತ ಓಡಾಡತೊಡಗಿದ ಮೇಲೆ ಗೊತ್ತಾಯಿತು, ವಾಲ್ವು ಕೆಡುವುದು ಒಂದು ಕಾರಣಕ್ಕೆ, ಅದರ ಸುತ್ತ ಜನ ಸೇರಿ ಮಾಡುವ ಗಮ್ಮತ್ತು ನೂರು ಕಾರಣಕ್ಕೆ. ಸಿದ್ದಾಪುರದ ಕಡೆಯ ಒಂದೇ ಒಂದು ವಾಲ್ವಿನ ಕತೆ ಹೇಳಿದರೆ ಸಾಕು.

ಗುಡ್ಡದ ಮೇಲಿನ ಟಾಕಿಯಿಂದ ಕೆಳಗಿನ ಊರುಗಳಿಗೆ ನೀರು ಬಿಡುವ ಕಂಟ್ರೋಲ್ ವಾಲ್ವು ಅದು. ಮೇಲಿಂದ ಬರುವ ನೀರಿನ ಒತ್ತಡ ಭಾರಿ. ಇಕ್ಕಟ್ಟಿನಲ್ಲಿ ಅದು ಒಮ್ಮೆಲೇ ನುಗ್ಗಿದರೆ ನೀರಿನಲ್ಲೇ ಗುಳ್ಳೆ ಹುಟ್ಟಿ, ಮುಂದೆ ಹೋಗಿ ಒಡೆದು, ಗಟ್ಟಿ ಕಬ್ಬಿಣವನ್ನೂ ಗೆದ್ದಲಿನ ಹಾಗೆ ತಿನ್ನುತ್ತವೆ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ. ಹಾಗಾಗದಂತೆ ವಾಲ್ವಿನ ಹೊಟ್ಟೆಯೊಳಗೆ ಸಣ್ಣ ಸಣ್ಣ ತೂತುಗಳಿರುವ ಸ್ಟೀಲಿನ ಕೊಳವೆ ಕೂರಿಸಿರುತ್ತಾರೆ, ನಾವು ಅದಕ್ಕೆ ಟ್ರಿಮ್ ಎನ್ನುತ್ತೇವೆ. ಅಟ್ಟದಿಂದ ಧುಮುಕುವ ನೀರನ್ನು ಅದು ಮೆಟ್ಟಿಲ ಮೇಲೆ ನಡೆಸಿಕೊಂಡು ಬರುತ್ತದೆ. ಟ್ರಿಮ್ ಕೆಟ್ಟರೆ ಮಾತ್ರ ಪೈಪಿನೊಳಗೆ ಜಲ್ಲಿ ಉರುಳಿದಂಥ ಸದ್ದು.

ಜಲ್ಲಿಗೆ ಬಂದ ಗಾಡಿ

ನನ್ನನ್ನು ಅಲ್ಲಿಗೆ ಕರೆಸಿದ್ದು ಆ ಊರಿನ ಪಂಚಾಯತ ಮೆಂಬರು. "ಪೈಪಿನೊಳಗೆ ಜಲ್ಲಿ ತುಂಬಿದೆ, ಬಂದು ತೆಗೀರಿ" ಅಂತ ಫೋನು. ಜಲ್ಲಿಯಲ್ಲ, ಗುಳ್ಳೆ ಒಡೆಯುವ ಸದ್ದು ಎಂದು ನಾನು ಫೋನಿನಲ್ಲೇ ವಿವರಿಸಿದೆ. ಅವರು ಎಲ್ಲದಕ್ಕೂ ಹೂಂಗುಟ್ಟಿದರು.

ನಮ್ಮ ಫಿಟ್ಟರ್ ದಾಸನಕೊಪ್ಪದವನು, ಕೆಲಸದಲ್ಲಿ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ನಾವಿಬ್ಬರೂ ಹೋಗಿ ಮೇಲಿನ ನೀರು ಬಂದ್ ಮಾಡಿಸಿ ಬೋಲ್ಟು ಬಿಚ್ಚುವ ಹೊತ್ತಿಗೆ ಮೆಂಬರು ಬಂದರು. ಅವರ ಹಿಂದೆ ಒಂದು ಖಾಲಿ ಗೂಡ್ಸ್ ರಿಕ್ಷಾ, ಅದರಲ್ಲಿ ಎರಡು ಸಲಿಕೆ, ಒಂದಿಷ್ಟು ಬುಟ್ಟಿ. ಮುಚ್ಚಳ ಎತ್ತಿದಾಗ ಒಳಗೆ ಬರೀ ನೀರು. ಮೆಂಬರು ಬಗ್ಗಿ ನೋಡಿದರು, ಕೈ ಹಾಕಿ ತಡಕಿದರು, ಕೊನೆಗೆ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿ ಹೇಳಿದರು:

"ಮನೆ ಎದುರಿನ ದಾರಿಗೆ ಬೇಕಿತ್ತು ಮಾರಾಯ್ರೆ. ನನಗಿಂತ ಮೊದಲು ಯಾರಾದ್ರೂ ಬಂದು ಒಯ್ದಿದ್ರೆ ಹೆಸರು ಹೇಳಿ, ನಾ ಮಾತಾಡ್ತೆ."

ಇಲಿಯ ಕೆಲಸ

ವಾಲ್ವಿಗೆ ಅಂಟಿಕೊಂಡೇ ನೀರು ಬಿಡುವ ಆಪರೇಟರನ ಮನೆ, ಅದರ ಆಚೆ ಬದಿಗೆ ಮೆಂಬರ ಮನೆ. ಆತ ಸಿದ್ದಾಪುರದವನೇ, ಬಹಳ ಸಾಧು. ಜಲ್ಲಿಯ ಗಲಾಟೆ ಮುಗಿದು ಮೆಂಬರು ಹೋದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದ. ನಮ್ಮ ಕಡೆ ಗುರುತಿಲ್ಲದವರೂ ಭಾವನೇ.

"ಭಾವ, ಇದು ಸರಿಯಾಗ್ತಾ? ಎನ್ನ ಹೆಂಡ್ತಿ ಹುಲೇಕಲ್ಲಿಗೆ ತವರುಮನೆಗೆ ಹೋಯ್ದು. ಆ ಪೈಪು ಬಾಯಿ ಮುಚ್ಚಿದ ದಿನ ಬತ್ತೆ, ಅಲ್ಲಿವರೆಗೆ ಕರೆಯಡಿ ಹೇಳಿಕ್ಕಿ ಹೋಯ್ದು."

ಸದ್ದು ನಿಲ್ಲುವವರೆಗೆ ಕರೆಯಲೇಬೇಡಿ ಅಂದಳಂತೆ, ಆದರೆ ಜಗಳ ಏನಿಲ್ಲವಂತೆ. ಹಗಲೂ ರಾತ್ರಿ ಆ ಸದ್ದು ಕೇಳಿ ಕೇಳಿ ಆಕೆಗೆ ತಲೆನೋವು ಶುರುವಾಗಿತ್ತು, ಅಷ್ಟೇ. ಆದರೆ ಇವನಿಗೆ ಅನ್ನ ಮಾಡಲು ಬರುತ್ತಿರಲಿಲ್ಲ, ಆಕೆಯಿಲ್ಲದೆ ಇರಲಂತೂ ಬರುತ್ತಲೇ ಇರಲಿಲ್ಲ.

ಫಿಟ್ಟರ್ ಟ್ರಿಮ್ ಹೊರಗೆ ತೆಗೆದ. ಸಾಸಿವೆ ದಾಟುವಷ್ಟು ಇರಬೇಕಾದ ತೂತುಗಳಲ್ಲಿ ಅರ್ಧಕ್ಕರ್ಧ ಕಿರುಬೆರಳು ಹೋಗುವಷ್ಟಾಗಿದ್ದವು. ಅದರೊಳಗೆ ಮೇಲೆ ಕೆಳಗೆ ಆಡಿ ನೀರು ಹೆಚ್ಚು ಕಡಿಮೆ ಮಾಡುವ ಪ್ಲಗ್ಗು ಅಕ್ಕಿಹುಳ ತಿಂದ ಹಾಗೆ ತೂತು ತೂತಾಗಿತ್ತು. ಪ್ಲಗ್ಗು ತಿಂದದ್ದು ಗುಳ್ಳೆ, ತೂತು ಅಗಲವಾದದ್ದು ಮಾತ್ರ ನೀರಿನ ಕೆಲಸವಲ್ಲ, ಯಾರೋ ಡ್ರಿಲ್ ಹಾಕಿದ್ದಾರೆ ಎನ್ನುವುದು ಕುರುಡನಿಗೂ ಗೊತ್ತಾಗುವಂತಿತ್ತು. ಆಪರೇಟರ್ ದೂರದ ಹಲಸಿನ ಮರವನ್ನು ಶ್ರದ್ಧೆಯಿಂದ ನೋಡುತ್ತ ನಿಂತಿದ್ದ.

"ಎಂತದು ಭಾವ ಇದು, ಇಲಿ ಕಡಿದದ್ದಾ?" ಎಂದೆ.

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲಿ ಇಷ್ಟು ರೌಂಡಾಗಿ ಕಡಿತಿಲ್ಲೆ" ಎಂದ.

ಆಮೇಲೆ ಎಲ್ಲ ಹೊರಗೆ ಬಂತು. ಒಂದು ಮಳೆಗಾಲದಲ್ಲಿ ತರಗೆಲೆ ಬಂದು ತೂತು ಕಟ್ಟಿ ಊರಿಗೆ ನೀರು ಸಣ್ಣಗಾಯಿತಂತೆ. ಬಿಚ್ಚಿ ತೊಳೆದರೆ ಮುಗಿಯುತ್ತಿತ್ತು. ಇವನು ಮತ್ತೆಂದೂ ಕಟ್ಟದಿರಲಿ ಎಂದು ಡ್ರಿಲ್ ತಂದು ದೊಡ್ಡದು ಮಾಡಿದ. ಊರಿಗೆ ನೀರು ಬಂತು, ಜೊತೆಗೆ ಸದ್ದೂ ಬಂತು.

"ಯಾರಿಗೆ ಹೇಳಿದ್ರೂ ಅಡ್ಡಿಲ್ಲೆ, ಮೇಲಿನ ಆಫೀಸರಿಗೂ ಹೇಳಿ. ಎನ್ನ ಹೆಂಡ್ತಿಗೆ ಮಾತ್ರ ಹೇಳಡಿ" ಎಂದ.

ಅಜ್ಜನ ಮೊಣಕಾಲು

ಸದ್ಯಕ್ಕೆ ಹಳೆಯದನ್ನೇ ಮತ್ತೆ ಕೂರಿಸಿ, ಹೊಸ ಟ್ರಿಮ್ಮಿಗೆ ಆರ್ಡರ್ ಹಾಕಿ, ಅದು ಬರುವವರೆಗೆ ನಾವು ಯಲ್ಲಾಪುರದ ಕಡೆ ಇನ್ನೊಂದು ಊರಿನ ವಾಲ್ವು ನೋಡಲು ಹೋದೆವು. ಸಿದ್ದಾಪುರದಿಂದ ದಿನವೂ ಫೋನು. "ಬಂತಾ ಭಾವ?" ಎಂದು ಶುರು, "ಇವತ್ತೂ ಅನ್ನ ತಳ ಹಿಡತ್ತು" ಎಂದು ಮುಕ್ತಾಯ.

ವಾಲ್ವಿನೊಳಗೆ ಏನಾಗುತ್ತಿದೆ ಎಂದು ತಿಳಿಯಲು ನಮ್ಮದೊಂದು ಪದ್ಧತಿ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಳ್ಳುವುದು. ಫಿಟ್ಟರ್ ಇದನ್ನು ಕಣ್ಣು ಮುಚ್ಚಿಕೊಂಡೇ ಮಾಡುತ್ತಾನೆ. ಮುಚ್ಚಬೇಕಾದ ಅಗತ್ಯವಿಲ್ಲ, ಜನ ಸೇರಿದ್ದರೆ ಸ್ವಲ್ಪ ಹೆಚ್ಚೇ ಮುಚ್ಚುತ್ತಾನೆ. ಅವತ್ತು ಒಳ್ಳೆ ಜನ ಸೇರಿದ್ದರು. ಅವನು ತಲೆ ಆಡಿಸಿ, "ಒಳಗ ಟ್ರಿಮ್ ಸವದೈತ್ರಿ, ವಾಲ್ವಿನ ಬಾಡಿ ಗಟ್ಟಿ ಐತ್ರಿ" ಎಂದು ತೀರ್ಪು ಕೊಟ್ಟ.

ಕೋಲೂರಿಕೊಂಡು ಇದನ್ನೆಲ್ಲ ನೋಡುತ್ತಿದ್ದ ಒಬ್ಬ ಅಜ್ಜ ಮುಂದೆ ಬಂದು, ಕಟ್ಟೆಯ ಮೇಲೆ ಕೂತು ಪಂಚೆ ಮೇಲೆತ್ತಿದರು. "ತಮ್ಮಾ, ಈ ಮೊಣಕಾಲು ಏಳುವಾಗ ಕರಕರ ಅಂತದೆ. ಒಂದು ಸಲ ಇಟ್ಟು ನೋಡು."

ನಾನು ಬೇಡ ಎನ್ನುವಷ್ಟರಲ್ಲಿ ಫಿಟ್ಟರ್ ಸ್ಕ್ರೂಡ್ರೈವರ್ ಒರೆಸಿ ಮೊಣಕಾಲಿಗೆ ಇಟ್ಟೇಬಿಟ್ಟಿದ್ದ. ಅಜ್ಜನಿಗೆ ಕಾಲು ಮಡಚಿ ಬಿಡಿಸಲು ಹೇಳಿದ, ಕಣ್ಣು ಮುಚ್ಚಿದ, ಬಹಳ ಹೊತ್ತು ಕೇಳಿದ. ಆಮೇಲೆ ಎದ್ದು ನಿಂತು ಗಂಭೀರವಾಗಿ ಹೇಳಿದ:

"ಅಜ್ಜಾರ, ನಿಮ್ಮದೂ ಅದ ಕೇಸ್ ಐತ್ರಿ. ಬಾಡಿ ಗಟ್ಟಿ ಐತಿ, ಟ್ರಿಮ್ ಹೋಗೇತಿ. ನಿಮ್ಮ ಮಾಡೆಲ್ಲಿಗೆ ಈಗ ಸ್ಪೇರ್ ಸಿಗಂಗಿಲ್ರಿ."

ಅಜ್ಜ ನಕ್ಕ ನಗೆಗೆ ಅವರ ಕೋಲು ಕೆಳಗೆ ಬಿತ್ತು. ಸಂಜೆ ನಾವು ಹೊರಡುವಾಗ ಗಾಡಿಯಲ್ಲಿ ಒಂದು ಬಾಳೆಗೊನೆ ಇತ್ತು. ತಪಾಸಣೆಯ ಫೀಸಂತೆ.

ಆಯಿಯ ಪೂಜೆ

ಟ್ರಿಮ್ ಬಂದ ದಿನ ನಾನು ಶಿರಸಿಯಲ್ಲಿ ಇರಲಿಲ್ಲ. ವರ್ಕ್‌ಶಾಪಿನ ಹಿಂದೆಯೇ ನಮ್ಮ ಮನೆ, ಪಾರ್ಸೆಲ್ ತೆಗೆದುಕೊಂಡದ್ದು ನನ್ನ ಆಯಿ, ಅಂದರೆ ಅಮ್ಮ. ಇಷ್ಟು ಭಾರದ್ದು ಬಂದಿದೆ, ಏನೆಂದು ನೋಡೋಣ ಎಂದು ಬಿಚ್ಚಿದ್ದಾಳೆ. ಫಳಫಳ ಹೊಳೆಯುವ ಸ್ಟೀಲು, ಸುತ್ತಲೂ ಸಾಲಾಗಿ ಸಣ್ಣ ತೂತು. ನಾನು ಮನೆಗೆ ಬಂದಾಗ ಅಂಗಳದವರೆಗೂ ಹೊಗೆ. ಬೆಂಕಿಯೇ ಬಿತ್ತೆಂದು ಒಳಗೆ ಓಡಿದರೆ, ದೇವರ ಮುಂದೆ ನನ್ನ ಟ್ರಿಮ್ಮು. ಕೈಗೆಟುಕಿದ ತೂತಿಗೆಲ್ಲ ಊದಿನಕಡ್ಡಿ.

"ಆಯಿ, ಇದು ವಾಲ್ವಿನೊಳಗೆ ಹಾಕೂದು. ಒಂದು ತೂತು ಕಟ್ಟಿದ್ರೂ ಕೆಲಸ ಕೆಡ್ತು."

"ದೇವರ ಮುಂದೆ ಇಟ್ಟದ್ದು ಕೆಡ್ತಿಲ್ಲೆ" ಎಂದಳು.

ನಾನೂ ಫಿಟ್ಟರೂ ಕೂತು, ಮುರಿದು ಸಿಕ್ಕಿಕೊಂಡ ಕಡ್ಡಿಗಳನ್ನು ತಂತಿಯಿಂದ ನೂಕಿ, ಬೂದಿಯನ್ನು ಗಾಳಿ ಹೊಡೆದು ತೆಗೆದೆವು. ಆಯಿ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು:

"ಊದಿನಕಡ್ಡಿಗೆ ಅಲ್ಲದಿದ್ರೆ ಇಷ್ಟೆಲ್ಲ ತೂತು ಎಂತಕ್ಕೆ ಇಟ್ಟಿದ್ದ ಇದನ್ನ ಮಾಡಿದವ?"

ಗೇಟಿನ ಪರೀಕ್ಷೆ

ಪೈಪು ತೊಳೆದು, ತರಗೆಲೆ ತಡೆಯಲು ವಾಲ್ವಿಗಿಂತ ಮೊದಲು ಜಾಲರಿ ಕೂರಿಸಿ, ಹೊಸ ಟ್ರಿಮ್ಮೂ ಪ್ಲಗ್ಗೂ ಹಾಕಿ ಮುಗಿಸಿದೆವು. ಹಿಂದಿನ ದಿನವೇ ನೀರು ಬಿಟ್ಟು ನೋಡಿಯಾಗಿತ್ತು, ಹತ್ತಿರ ನಿಂತರೆ ಸುಯ್ ಎನ್ನುವ ಸಣ್ಣ ದನಿ, ಮನೆಯೊಳಗೆ ಅದೂ ಇಲ್ಲ. ಮರುದಿನ ಕೊನೆಯ ಸಲ ಬೋಲ್ಟು ಬಿಗಿ ನೋಡಲು ಹೋದಾಗಲೇ ಆಪರೇಟರನ ಹೆಂಡತಿ ಬಸ್ಸಿಳಿದು ಬಂದಳು. ಕೈಯಲ್ಲಿ ಚೀಲ. ಗೇಟಿನ ಹೊರಗೇ ನಿಂತು ಕಿವಿಗೊಟ್ಟಳು.

"ಕೇಳ್ತಿಲ್ಲೆ ಅಲ್ದಾ?" ಎಂದು ಗಂಡ ಕೇಳಿದ. ಅವನ ಹಣೆಯ ಮೇಲೆ ಬೆವರು.

"ಇಲ್ಲೆ" ಎಂದು ಆಕೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಚಾ ಪಾತ್ರೆ ಹಿಡಿದು ಹೊರಗೆ ಬಂದಳು. "ನಳದಲ್ಲಿ ಒಂದು ಹನಿ ನೀರಿಲ್ಲೆ."

ಅಷ್ಟರಲ್ಲಿ ನನ್ನ ಫೋನೂ ಅವನ ಫೋನೂ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಕೆಳಗಿನ ಯಾವ ಊರಿಗೂ ನೀರಿಲ್ಲ. ನಾನು ಹೋಗಿ ನೋಡಿದರೆ ವಾಲ್ವು ಪೂರ್ತಿ ಬಂದ್. ಹೆಂಡತಿ ಬರುವ ಹೊತ್ತಿಗೆ ಎಲ್ಲಾದರೂ ಸದ್ದು ಬಂದೀತು ಎಂಬ ಹೆದರಿಕೆಯಿಂದ ಈ ಮಹಾನುಭಾವ ಬೆಳಿಗ್ಗೆಯೇ ತಿರುಗಿಸಿ ಇಟ್ಟಿದ್ದ.

ಫಿಟ್ಟರ್ ನಿಧಾನಕ್ಕೆ ವಾಲ್ವು ತಿರುಗಿಸಿ ನೀರು ಬಿಟ್ಟ. ಆಪರೇಟರ್ ಕಣ್ಣು ಮುಚ್ಚಿ ನಿಂತ. ಸದ್ದಿಲ್ಲ. ಒಳಗೆ ನಳದಲ್ಲಿ ನೀರು ಬಿದ್ದದ್ದೊಂದೇ ಕೇಳಿತು. ಆಕೆ ಗಂಡನನ್ನೇ ನೋಡಿದಳು.

"ಎನ್ನ ಕರೆಸಲೆ ಊರಿಡೀ ಬಾಯಾರಿಸಿದ್ರಾ?" ಎಂದಳು. ಬೈದದ್ದೇ ಹೌದು, ಆದರೆ ಚಾಕ್ಕೆ ಹಾಲು ಹೆಚ್ಚೇ ಹಾಕಿದ್ದಳು.

ಸದ್ದು ಬೇಕಾಗಿದೆ

ಎರಡು ತಿಂಗಳಾಗಿರಬಹುದು, ಆಕೆಯದೇ ಫೋನು.

"ಅಣ್ಣಾ, ಒಂದು ತೊಂದರೆ ಆಯ್ದು." ಮೊಬೈಲನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು, ಅಷ್ಟು ದೊಡ್ಡ ದನಿ.

"ಮತ್ತೆ ಸದ್ದು ಶುರುವಾತಾ ತಂಗಿ?"

"ಸದ್ದಿಲ್ಲೆ. ಅದೇ ತೊಂದರೆ."

ಆ ಗಲಾಟೆಯಲ್ಲಿ ಗಂಡ ಹೆಂಡತಿ ಇಷ್ಟು ಕಾಲ ಕಿರುಚಿಕೊಂಡೇ ಸಂಸಾರ ಮಾಡಿದ್ದರು. ವಾಲ್ವು ಸುಮ್ಮನಾಯಿತು, ಇವರ ಗಂಟಲಿಗೆ ಅದು ಗೊತ್ತಾಗಲಿಲ್ಲ. ಮೆಂಬರ ಮನೆಯಿಂದ ಬಂದ ಕಡುಬು ಬೆಂದಿರಲಿಲ್ಲ ಎಂದು ಆಕೆ ಅಡುಗೆಮನೆಯಲ್ಲಿ ಗಂಡನಿಗೆ ಹೇಳಿದರೆ, ಮರುದಿನ ಮೆಂಬರ ಹೆಂಡತಿ ಇನ್ನೊಂದು ಪಾತ್ರೆ ಕಡುಬು ತಂದು, "ಇದು ಬೆಂದಿದೆ" ಎಂದು ಇಟ್ಟು ಹೋದರಂತೆ. ಅದಾದರೂ ಹೋಗಲಿ. ಒಂದು ಸಂಜೆ ಆಪರೇಟರ್ ಮನಸ್ಸು ತುಂಬಿ, "ನೀ ಇಲ್ಲದ್ದೆ ಎನಗೆ ಒಂದು ತುತ್ತೂ ಇಳಿತಿತ್ತಿಲ್ಲೆ" ಎಂದನಂತೆ. ಮರುದಿನ ಹಾಲಿನ ಡೇರಿಯಲ್ಲಿ ಸಾಲಾಗಿ ನಿಂತವರೆಲ್ಲ ಅವನನ್ನು, "ಈಗ ತುತ್ತು ಇಳೀತಾ?" ಎಂದು ಕೇಳಿದರಂತೆ.

"ಆನು ಮತ್ತೆ ತವರಿಗೆ ಹೋಗ್ತೆ ಹೇಳಿ ಅಲ್ಲ" ಎಂದಳು. ಆಮೇಲೆ ತನ್ನ ಮಟ್ಟಿಗೆ ಪಿಸುದನಿಯಲ್ಲಿ, "ಮನೆಯವು ಹಾಂಗೆ ಹೇಳಿದ್ದು ಎನಗೆ ಖುಷಿಯೇ ಆತು. ಆದ್ರೆ ಇನ್ನೊಂದು ಸಲ ಹೇಳಿ ಅಂತ ಕೇಳಲೆ ಹೆದರಿಕೆ. ಸಂಜೆ ಒಂದು ಅರ್ಧ ತಾಸು ಮಾತ್ರ ಸದ್ದು ಬಪ್ಪ ಹಾಂಗೆ ಎಂತಾದ್ರೂ ಮಾಡಲೆ ಆಗ್ತಾ ಅಣ್ಣಾ?"

ಹಾಗೆಲ್ಲ ಬರುವುದಿಲ್ಲ, ಆದರೂ ಯೋಚಿಸಿ ಹೇಳುತ್ತೇನೆ ಎಂದು ನಗು ತಡೆದುಕೊಂಡು ಫೋನ್ ಇಟ್ಟೆ. ಇಟ್ಟಿದ್ದೇ ತಡ, ಮತ್ತೆ ಹೊಡೆದುಕೊಂಡಿತು. ಮೆಂಬರು.

"ರಿಪೇರಿಯವ್ರೆ, ಆ ಸದ್ದು ಮಾತ್ರ ವಾಪಸ್ ಹಾಕಬೇಡಿ. ಸಂಜೆ ಹೊತ್ತಿಗೆ ನಾವೆಲ್ಲ ಟಿವಿ ಬಂದ್ ಮಾಡಿ ಜಗಲಿ ಮೇಲೆ ಕೂತಿರ್ತೇವೆ."

"ಸದ್ದು ಹಾಕುವ ವಿಷಯ ನಿಮಗೆ ಯಾರು ಹೇಳಿದ್ರು?"

"ಹೇಳೂದು ಎಂತ ಬಂತು? ಈಗಷ್ಟೇ ಆ ತಂಗಿ ನಿಮಗೆ ಫೋನಲ್ಲಿ ಗುಟ್ಟಾಗಿ ಹೇಳ್ತಲ್ಲ, ನಮ್ಮ ಜಗಲಿವರೆಗೂ ಕೇಳ್ತು."