ಸಾವಧಾನಿಯ ಖಾಯಂ ನೌಕರಿ

ಆ ಲಕೋಟೆ ಒಂಬತ್ತು ದಿನ ಮನೆಯೊಡತಿಯ ಟೆಲಿಫೋನ್ ಡೈರಿಯ ಕೆಳಗೆ ಮಲಗಿತ್ತು. ತಪ್ಪು ಪೂರ್ತಿ ಅವಳದೆಂದು ಹೇಳುವಂತಿರಲಿಲ್ಲ. ಅಂಚೆಯವನು ಅದನ್ನು ಅವಳ ಪೆಟ್ಟಿಗೆಗೆ ಹಾಕಿ ಹೋಗಿದ್ದ. ಅದು ತನಗೆ ಬಂದದ್ದಲ್ಲವೆಂದು ಗೊತ್ತಾಗುವಷ್ಟು ಮಾತ್ರ ಅವಳು ಓದಿದ್ದಳು, ಅಂದರೆ ಕೊನೆಯ ಸಾಲಿನವರೆಗೂ ಓದಿದ್ದಳು. ಹತ್ತನೆಯ ದಿನ ಬೆಳಿಗ್ಗೆ ಬಾಡಿಗೆದಾರ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಾಗ ತಂದು ಕೈಗಿತ್ತು, ಇವತ್ತೇ ಕಡೆಯ ದಿನವಂತೆ, ನೋಡಿಕೋ ಎಂದು ಹೇಳಿ ಒಳಗೆ ಹೋದಳು.

ಬಾಡಿಗೆದಾರ ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ಹೊರಗಿನಿಂದ "ಸಾವಧಾನ, ಸಾವಧಾನ" ಎಂದು ಸಮಾಧಾನ ಹೇಳಿ ಹೇಳಿ ಅವನಿಗೆ ಸಾವಧಾನಿ ಎಂಬ ಹೆಸರೇ ನಿಂತುಬಿಟ್ಟಿತ್ತು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿದ್ದರೂ ಹೆಂಡತಿಯ ಜೊತೆ ಇದ್ದದ್ದು ಹನ್ನೊಂದು ದಿನ. ಅವಳು ಸಮುದ್ರದಾಚೆ ತನ್ನ ಊರಿನಲ್ಲೇ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಅವಳನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿ ವಲಸೆ ಕಚೇರಿಯಲ್ಲಿ ಎಂಟು ತಿಂಗಳಿನಿಂದ ಕೂತಿತ್ತು. ಬಂದವಳನ್ನು ಸಾಕುವ ಹೊಣೆ ನನ್ನದೆಂದು ಸಹಿ ಹಾಕಿದ ಪ್ರಾಯೋಜಕ ಸಾವಧಾನಿ.

ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಪ್ರಾಯೋಜಕರ ಉದ್ಯೋಗದಲ್ಲಿ ಬದಲಾವಣೆ ಆಗಿದ್ದಲ್ಲಿ ಈ ದಿನಾಂಕದ ಸಂಜೆ ನಾಲ್ಕು ಗಂಟೆಯೊಳಗೆ ಖುದ್ದಾಗಿ ಬಂದು ದೃಢಪಡಿಸತಕ್ಕದ್ದು. ಸಾವಧಾನಿ ಬೂಟಿನ ದಾರ ಕಟ್ಟುವುದು ಬಿಟ್ಟು ಅದನ್ನು ಮತ್ತೊಮ್ಮೆ ಓದಿದ. ಅವನು ಕೆಲಸ ಬದಲಾಯಿಸಿ ಹನ್ನೆರಡು ದಿನವಾಗಿತ್ತು. ಏಳು ವರ್ಷ ದುಡಿದ ಸಣ್ಣ ಅಂಗಡಿ ಬಿಟ್ಟು ದೊಡ್ಡ ಕಂಪನಿ ಸೇರಿದ್ದ. ಹೆಂಡತಿ ಬಂದರೆ ಒಂದು ಕೋಣೆಯಲ್ಲಿ ಹೇಗೆ, ಎರಡು ಕೋಣೆಯ ಮನೆ ಹಿಡಿಯೋಣ ಎಂಬ ಆಸೆಯಿಂದ.

ಮೇಲಿನ ಮಹಡಿಯಿಂದ ಇಳಿದು ಬರುತ್ತಿದ್ದ ನಿವೃತ್ತ ಗುಮಾಸ್ತರು ಕೇಳದೆಯೇ ಕಾಗದ ತೆಗೆದುಕೊಂಡರು. ಮೂವತ್ತೈದು ವರ್ಷ ಅವರು ರೈಲ್ವೆಯಲ್ಲಿ ಕಳೆದುಹೋದ ಸಾಮಾನಿನ ವಿಭಾಗದಲ್ಲಿದ್ದವರು. ಸರ್ಕಾರಿ ಕಾಗದವನ್ನು ವೈದ್ಯ ನಾಡಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ತೆರೆದು ತೀರ್ಪು ಕೊಟ್ಟರು.

"ಬದಲಾವಣೆ ಅನ್ನೋ ಮಾತು ಕಂಡ್ರೆ ಕಚೇರಿಯವ್ರಿಗೆ ಆಗೋದಿಲ್ಲಪ್ಪ. ಹೊಸ ಕಂಪನಿಯಿಂದ ಪತ್ರ ತಗೋ. ಅದರಲ್ಲಿ ಖಾಯಂ ಅನ್ನೋ ಪದ ಇರ್ಲೇಬೇಕು. ಅದೊಂದಿಲ್ದೆ ಹೋದ್ರೆ ಫೈಲು ಮತ್ತೆ ಕೆಳಗೆ ಹೋಯ್ತು ಅಂತ ತಿಳ್ಕೋ."

ಸಾವಧಾನಿ ಕೆಲಸಕ್ಕೆ ಹೋದವನೇ ಉಪಕರಣದ ಚೀಲವನ್ನೂ ಇಳಿಸದೆ ಸಿಬ್ಬಂದಿ ಅಧಿಕಾರಿಣಿಯ ಕೋಣೆಗೆ ನುಗ್ಗಿದ. ಆಕೆ ಒಳ್ಳೆಯ ಹೆಂಗಸು. ಕೇಳಿದ್ದೇ ತಡ ಪತ್ರ ಟೈಪು ಮಾಡಿಸಿ, ಮೊಹರು ಒತ್ತಿಸಿ ಕೊಟ್ಟಳು. ಹೆಸರು, ಹುದ್ದೆ, ವೇತನ ಎಲ್ಲ ಸರಿಯಾಗಿದ್ದವು. ಖಾಯಂ ಎಂಬ ಪದ ಇರಬೇಕಾದ ಜಾಗದಲ್ಲಿ ಮಾತ್ರ, ಆರು ತಿಂಗಳ ಪರೀಕ್ಷಾವಧಿಯಲ್ಲಿದ್ದಾರೆ ಎಂದಿತ್ತು. ಆ ಮಾತು ತೆಗೆಯಲು ಆಗುತ್ತದೆಯೇ ಎಂದು ಸಾವಧಾನಿ ಮೆಲ್ಲಗೆ ಕೇಳಿದ. ಇದ್ದದ್ದನ್ನು ಇಲ್ಲವೆಂದು ಬರೆಯಲಾರೆ, ಬೇಕಾದರೆ ಒಳ್ಳೆಯ ಮಾತೊಂದು ಸೇರಿಸುತ್ತೇನೆ ಎಂದು ಆಕೆ, ಕಳೆದ ಹನ್ನೆರಡು ದಿನಗಳಲ್ಲಿ ಇವರ ನಡತೆ ತೃಪ್ತಿಕರ ಎಂಬ ಸಾಲು ಸೇರಿಸಿದಳು. ಅದನ್ನು ಓದಿದವರಿಗೆ ಇವನು ಈಗಷ್ಟೇ ಜೈಲಿನಿಂದ ಬಿಡುಗಡೆಯಾದವನೇನೋ ಅನ್ನಿಸುವಂತಿತ್ತು.

ವರ್ಕ್‌ಶಾಪಿನಲ್ಲಿ ಪತ್ರ ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಗ್ರೀಸಿನ ಬೆರಳಿನ ಗುರುತೂ ಒಂದೊಂದು ಬಿತ್ತು. ವೆಲ್ಡಿಂಗಿನವನಂತೂ ಪರೀಕ್ಷಾವಧಿ ಎಂಬ ಪದ ಕಂಡು ತಲೆಯಾಡಿಸಿದ. ಅವನ ಭಾವಮೈದುನ ಹೆಂಡತಿಯನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ಇದೇ ಪದದಿಂದ ಮೂರು ವರ್ಷ ಎಳೆಯಿತಂತೆ. ಹೆಂಡತಿ ಬಂದಿಳಿದಾಗ ಅವನ ತಲೆ ಪೂರ್ತಿ ಬೋಳಾಗಿ, ಅವಳು ಪಕ್ಕದಲ್ಲಿ ನಿಂತಿದ್ದವನ ಕಡೆ ನಡೆದಳಂತೆ. ಸಾವಧಾನಿ ತನಗೇ ತಿಳಿಯದಂತೆ ನೆತ್ತಿ ಮುಟ್ಟಿ ನೋಡಿಕೊಂಡ.

ಹನ್ನೊಂದೂವರೆಗೆ ಗುಮಾಸ್ತರ ಫೋನು ಬಂತು. ಅವರು ತಿಂಡಿ ಮರೆತು ಇದನ್ನೇ ಯೋಚಿಸುತ್ತಿದ್ದರು. ಹೊಸ ಪತ್ರದಲ್ಲಿ ಪರೀಕ್ಷಾವಧಿ ಇದೆಯೆಂದು ತಿಳಿದು, ತಾವು ಎಣಿಸಿದ್ದು ನಿಜವಾಯಿತೆಂಬ ಸಂತೋಷ ದನಿಯಲ್ಲಿ ಮುಚ್ಚಿಡಲಾರದೆ, ಒಂದೇ ದಾರಿ ಉಳಿದಿದೆ ಎಂದರು. ಹಳೆಯ ಅಂಗಡಿಗೇ ವಾಪಸು ಹೋಗುವುದು. ಹೋದರೆ ಬದಲಾವಣೆಯೇ ಆಗಲಿಲ್ಲ. ಸುಳ್ಳು ಹೇಳುವ ಪ್ರಮೇಯವೂ ಇಲ್ಲ.

ಸಾವಧಾನಿ ಅರ್ಧ ಗಂಟೆ ಒಬ್ಬನೇ ಕೂತು ಯೋಚಿಸಿದ. ಒಂದು ಕಡೆ ಎರಡು ಕೋಣೆಯ ಮನೆ, ಇನ್ನೊಂದು ಕಡೆ ಅದರಲ್ಲಿರಬೇಕಾದವಳು. ಮನೆಯೇನು, ಒಂದು ಕೋಣೆಯಲ್ಲಿ ಪರದೆ ಕಟ್ಟಿದರೆ ಎರಡಾಗುತ್ತದೆ ಎಂದುಕೊಂಡು ಎದ್ದ.

ಹಳೆಯ ಅಂಗಡಿಯ ಬಾಗಿಲು ಮುಚ್ಚಿತ್ತು. ಯಜಮಾನರು ಸಮೀಪದ ಆರಂತಸ್ತಿನ ಕಟ್ಟಡಕ್ಕೆ ಹೋಗಿದ್ದಾರೆ, ಇನ್ನೂ ಬಂದಿಲ್ಲ ಎಂದು ಪಕ್ಕದ ಚಪ್ಪಲಿ ಅಂಗಡಿಯವಳು ಹೇಳಿದಳು. ಬರುವಂತಿರಲಿಲ್ಲ. ಅವರು ಮೂರು ಮತ್ತು ನಾಲ್ಕನೆಯ ಅಂತಸ್ತಿನ ನಡುವೆ ಸಿಕ್ಕಿಕೊಂಡಿದ್ದರು. ಸಾವಧಾನಿ ಬಿಟ್ಟುಹೋದ ಜಾಗಕ್ಕೆ ಅವರು ತಮ್ಮ ಷಡ್ಡಕನನ್ನು ಹಾಕಿಕೊಂಡಿದ್ದರು. ಷಡ್ಡಕ ಅಲ್ಲಿಯವರೆಗೆ ಕೊಡೆ ಮಾರುತ್ತಿದ್ದವನು. ಲಿಫ್ಟೂ ಕೊಡೆಯಂತೆ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ನಾಲ್ಕನೆಯ ಅಂತಸ್ತಿನಲ್ಲಿ ನಿಂತು ಒಂದೇ ಸಮನೆ ಒತ್ತುತ್ತಿದ್ದ.

ಸಾವಧಾನಿ ಆ ಕಟ್ಟಡಕ್ಕೆ ಓಡಿ, ಮೂರನೆಯ ಅಂತಸ್ತಿನ ಬಾಗಿಲನ್ನು ಕೀಲಿಯಿಂದ ಒಂದು ಗೇಣು ಸರಿಸಿದ. ಅವನ ಕಣ್ಣಿನ ಮಟ್ಟಕ್ಕೆ ಯಜಮಾನರ ಕಂದು ಬೂಟು, ಅದರ ಮೇಲೆ ಮೊಣಕಾಲವರೆಗೆ ಬೆವರಿನಿಂದ ಒದ್ದೆಯಾದ ಪ್ಯಾಂಟು ಕಂಡವು.

"ಸಾವಧಾನ, ಸಾವಧಾನ" ಎಂದ ಅಭ್ಯಾಸಬಲದಿಂದ.

ಬೂಟುಗಳು ಅವನತ್ತ ತಿರುಗಿದವು. "ನೀನಾ? ಸುಮ್ನೆ ಮಾತಾಡ್ಸೋಕೆ ಬಂದ್ಯೋ, ಕೆಲಸಕ್ಕೆ ಬಂದ್ಯೋ?"

ಕೆಲಸಕ್ಕೆ ಎಂದ ಸಾವಧಾನಿ. ಬೂಟುಗಳಿಗೇ ತನ್ನ ಕತೆಯನ್ನೆಲ್ಲ ಹೇಳಿದ. ಮೇಲಿನ ಯಂತ್ರದ ಕೋಣೆಗೆ ಹೋಗಿ ಬ್ರೇಕು ಬಿಡಿಸಲು ಕಾಲು ಗಂಟೆಯಾದರೂ ಬೇಕು, ಹೆದರಬೇಡಿ ಎಂದ. ಸುಮ್ಮನೆ ನಿಂತರೆ ಹೆದರಿಕೆಯಾಗುತ್ತದೆ, ಕೈಗೆ ಏನಾದರೂ ಕೆಲಸ ಕೊಡು ಎಂದರು ಯಜಮಾನರು. ಹಾಗಾದರೆ ಪತ್ರ ಬರೆದುಬಿಡಿ ಎಂದ ಸಾವಧಾನಿ. ಅಂಗಡಿಯ ಹೆಸರು ಅಚ್ಚಾದ ಹಾಳೆಯೂ ಮೊಹರೂ ಸದಾ ಅವರ ಚೀಲದಲ್ಲೇ ಇರುತ್ತಿದ್ದವು.

ಅವನು ಬ್ರೇಕು ಬಿಡಿಸಿ ಲಿಫ್ಟನ್ನು ಮೂರನೆಯ ಅಂತಸ್ತಿಗೆ ಇಳಿಸಿ ಕೆಳಗೆ ಬಂದಾಗ ಯಜಮಾನರು ಹೊರಗೆ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಪತ್ರ ಸಿದ್ಧವಿತ್ತು. ಏಳು ವರ್ಷದಿಂದ ಖಾಯಂ ನೌಕರ, ಕಳೆದ ಹನ್ನೆರಡು ದಿನ ಸಂಬಳವಿಲ್ಲದ ರಜೆಯಲ್ಲಿದ್ದು ಇಂದು ಕೆಲಸಕ್ಕೆ ಹಾಜರು. ಖಾಯಂ ಎಂಬ ಪದಕ್ಕೆ ಎರಡು ಗೆರೆ ಬೇರೆ ಎಳೆದಿದ್ದರು. ಸಾವಧಾನಿಯ ರಾಜೀನಾಮೆ ಪತ್ರವನ್ನು ಚೀಲದಿಂದ ತೆಗೆದು ಅವನೆದುರಿಗೇ ಹರಿದರು. ಕಡತಕ್ಕೆ ಸೇರಿಸಲು ಮನಸ್ಸೇ ಬಂದಿರಲಿಲ್ಲ ಎಂದರು. ಇಬ್ಬರ ಕಣ್ಣೂ ಒದ್ದೆಯಾದವು. ಷಡ್ಡಕ ಮಾತ್ರ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟು, ಉಪಕರಣದ ಪೆಟ್ಟಿಗೆ ಅಲ್ಲೇ ಇಟ್ಟು ಕೈ ತೊಳೆಯಲು ಹೋದವನು ಮತ್ತೆ ಬರಲಿಲ್ಲ.

ಸಾವಧಾನಿ ಪ್ರಾಮಾಣಿಕ. ಎರಡು ದೋಣಿಯಲ್ಲಿ ಕಾಲಿಡುವುದು ಬೇಡವೆಂದು ಅಲ್ಲಿಂದಲೇ ಸಿಬ್ಬಂದಿ ಅಧಿಕಾರಿಣಿಗೆ ಫೋನು ಮಾಡಿ ಕೆಲಸ ಬಿಡುತ್ತಿದ್ದೇನೆ ಎಂದ. ಯೋಚಿಸಿ ಹೇಳುತ್ತಿದ್ದೀರಾ ಎಂದು ಆಕೆ ಎರಡು ಸಲ ಕೇಳಿದಳು. ಯೋಚಿಸಿದ್ದೇನೆ ಎಂದು ಅವನು ಎರಡು ಸಲವೂ ಹೇಳಿದ.

ವಲಸೆ ಕಚೇರಿಯಲ್ಲಿ ಸರದಿ ಬಂದಾಗ ಮೂರು ಮುಕ್ಕಾಲು. ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ಅವಸರವಿಲ್ಲದ ಹೆಂಗಸು. ಅವನ ಕಾಗದದ ಸಂಖ್ಯೆಯನ್ನು ಕಂಪ್ಯೂಟರಿಗೆ ಒಂದೊಂದೇ ಅಂಕಿಯಾಗಿ ತಿನ್ನಿಸಿ, ಪರದೆ ನೋಡಿ, ಮೊದಲ ಸಲ ತಲೆಯೆತ್ತಿದಳು.

"ಒಳ್ಳೇ ಸುದ್ದಿನೇ. ನಿಮ್ಮ ಮನೆಯವ್ರ ಅರ್ಜಿ ಬೆಳಿಗ್ಗೆ ಒಪ್ಪಿಗೆ ಆಗಿದೆ. ನಿಮ್ಮದೊಂದು ಸಹಿ ಬಾಕಿ, ಅಷ್ಟೇ."

ಸಾವಧಾನಿ ಖಾಯಂ ಪತ್ರವನ್ನು ಗಾಜಿನ ಕೆಳಗೆ ತೂರಿಸಲು ಹೋದ. ಪತ್ರವೇನೂ ಬೇಡ ಎಂದು ಆಕೆ ಅದನ್ನು ಹಿಂದಕ್ಕೆ ಸರಿಸಿ ವಿವರಿಸಿದಳು. ಹಳೆಯ ಅಂಗಡಿಯ ಸಂಬಳ ಇಬ್ಬರ ಸಂಸಾರಕ್ಕೆ ಸಾಲದೆಂದು ಅರ್ಜಿ ಎಂಟು ತಿಂಗಳು ನಿಂತಿತ್ತು. ಅವನು ದೊಡ್ಡ ಕಂಪನಿ ಸೇರಿದ ಕೂಡಲೇ ಅಲ್ಲಿಂದ ಇಲ್ಲಿಗೆ ವರದಿ ಬಂದಿತ್ತು. ಹೊಸ ಸಂಬಳ ಧಾರಾಳವಾಗಿ ಸಾಕು. ಹಾಗಾಗಿಯೇ ಆ ನಾಲ್ಕು ಸಾಲಿನ ಕಾಗದ ಕಳಿಸಿದ್ದು.

"ಪರೀಕ್ಷಾವಧಿ..." ಎಂದ ಸಾವಧಾನಿ.

"ಅದನ್ನ ನಾವು ಕೇಳೋದೇ ಇಲ್ಲ. ಹೊಸ ಕೆಲಸದಲ್ಲಿ ಇದ್ದೀನಿ ಅಂತ ಇಲ್ಲಿ ಸಹಿ ಹಾಕಿ, ಹೊರಡಿ."

ಲೇಖನಿ ಅವನ ಕೈಗೆ ಬಂತು. ಕಾಗದಕ್ಕೆ ಇಳಿಯಲಿಲ್ಲ. ಒಂದು ನಿಮಿಷ ಎಂದು ಪಕ್ಕಕ್ಕೆ ಸರಿದು ಸಿಬ್ಬಂದಿ ಅಧಿಕಾರಿಣಿಗೆ ಮತ್ತೆ ಫೋನು ಮಾಡಿದ. ಆಕೆ ನಿಜವಾಗಿಯೂ ನೊಂದುಕೊಂಡಳು. ಆ ಹುದ್ದೆಗೆ ಕಾಯುತ್ತಿದ್ದ ಇನ್ನೊಬ್ಬನನ್ನು ಮಧ್ಯಾಹ್ನವೇ ಕರೆಸಿ ಸೇರಿಸಿಕೊಂಡಾಗಿತ್ತು. ನಿಮಗೆಂದು ತರಿಸಿಟ್ಟಿದ್ದ ಸಮವಸ್ತ್ರ ಅವನಿಗೆ ಅಳತೆ ತೆಗೆದು ಹೊಲಿಸಿದಂತೆ ಕೂತಿದೆ ಎಂದು, ಸಮಾಧಾನಕ್ಕೆಂದೇ ಏನೋ, ಹೇಳಿದಳು.

ಫೋನು ಕಿಸೆಗೆ ಹಾಕುವಷ್ಟರಲ್ಲಿ ಮತ್ತೆ ರಿಂಗಾಯಿತು. ಈ ಸಲ ಹೆಂಡತಿ. ಅರ್ಜಿ ಕೊನೆಯ ಹಂತ ತಲುಪಿದೆ ಎಂದು ಅವಳಿಗೂ ಸಂದೇಶ ಬಂದಿತ್ತು. ಮುದ್ರಣಾಲಯದವರಿಗೆಲ್ಲ ಹೇಳಿಬಿಟ್ಟಿದ್ದಳು. ಹಿಂದೆ ಯಂತ್ರಗಳ ಸದ್ದು, ಯಾರೋ ಚಪ್ಪಾಳೆ ತಟ್ಟುವುದು ಕೇಳುತ್ತಿತ್ತು. ಹನ್ನೊಂದು ದಿನದ ಸಂಸಾರದಲ್ಲಿ ಅವಳಿಗೆ ಅವನು ಸುಳ್ಳು ಹೇಳಿರಲಿಲ್ಲ, ಈಗ ಶುರುಮಾಡಲು ಮನಸ್ಸಾಗಲಿಲ್ಲ. ಬೆಳಗಿನಿಂದ ನಡೆದದ್ದೆಲ್ಲ ಹೇಳಿದ. ಅವಳು ಯಂತ್ರಗಳ ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಿದ್ದು ಕೇಳಿಸಿತು.

"ನೀವು ಯಾರನ್ನೂ ಕೇಳದೆ ಒಂದು ಕೆಲ್ಸ ಮಾಡಿದ್ರಲ್ಲ, ನನ್ನನ್ನ ಮದುವೆ ಆಗಿದ್ದು" ಎಂದಳು ಕೊನೆಗೆ. "ಅದೊಂದು ಸರಿಯಾಗಿತ್ತು. ಇನ್ಮುಂದೆ ಎಲ್ಲಾನೂ ಹಾಗೇ ಮಾಡಿ. ಈಗ ಒಳಗೆ ಹೋಗಿ, ಇದ್ದದ್ದು ಇದ್ದ ಹಾಗೆ ಬರ್ಕೊಡಿ. ನಾನು ಎಲ್ಲೂ ಹೋಗಲ್ಲ."

ಸಾವಧಾನಿ ಗಾಜಿನೆದುರು ಬಂದು, ಹೊಸ ಕೆಲಸ ಇವತ್ತು ಬಿಟ್ಟೆ ಎಂದ. ಗುಮಾಸ್ತೆ ಖಾನೆಯಿಂದ ಹಸಿರು ನಮೂನೆಯೊಂದನ್ನು ತೆಗೆದು ಕೊಟ್ಟಳು. ಹೆಸರು, ವಿಳಾಸ, ಹಿಂದಿನ ಉದ್ಯೋಗ, ಈಗಿನ ಉದ್ಯೋಗ ಎಲ್ಲ ತುಂಬಿದ. ಉದ್ಯೋಗ ಬದಲಾವಣೆಗೆ ಕಾರಣ ಎಂಬಲ್ಲಿ ಬಹಳ ಹೊತ್ತು ನಿಂತ. ಆಮೇಲೆ ದುಂಡಗಿನ ಅಕ್ಷರದಲ್ಲಿ, ಹೆಂಡತಿಯನ್ನು ಬೇಗ ಕರೆಸಿಕೊಳ್ಳುವ ಸಲುವಾಗಿ, ಎಂದು ಬರೆದ.

ಆಕೆ ಓದಿದಳು. ನಗಲಿಲ್ಲ, ಅದು ಆಕೆಯ ದೊಡ್ಡತನ. ಮೊಹರು ಒತ್ತಿ ರಸೀತಿ ಹರಿದು ಕೊಟ್ಟು, ಗಾಜಿನ ಕಿಂಡಿಗೆ ಬಾಯಿ ಹತ್ತಿರ ತಂದು ಮೆಲುದನಿಯಲ್ಲಿ ಹೇಳಿದಳು:

"ಮತ್ತೆ ಎಂಟು ತಿಂಗಳಾದ್ರೂ ಆಗುತ್ತೆ. ಅಷ್ಟ್ರಲ್ಲಿ ದೊಡ್ಡ ಕಂಪನಿ ಕೆಲಸ ಯಾವುದಾದ್ರೂ ಸಿಕ್ಕಿದ್ರೆ ಬೇಗ ತಿಳಿಸಿ."