ಟಿಕೆಟ್ಟಿಲ್ಲದೆ ಕುಳಿತ ಆ್ಯಪುಗಳು

ಸರಕಾರಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ಎಲ್ಲರೂ ಒಂದು ದಿನ ನಿವೃತ್ತರಾಗುತ್ತಾರೆ. ನಮ್ಮ ಕಾಕಾ ಮಾತ್ರ ಇನ್ನೂ ಆಗಿಲ್ಲ! ಬಸ್ಸು ಸಣ್ಣದಾಗಿದೆ, ಅಷ್ಟೇ. ಈಗ ಅಂಗೈಯಲ್ಲಿ ಹಿಡಿಸುತ್ತದೆ.

ನಿಪ್ಪಾಣಿ–ಚಿಕ್ಕೋಡಿ–ರಾಯಬಾಗ ಮಾರ್ಗದಲ್ಲಿ ಅವನು ಮೂವತ್ತು ವರ್ಷ ಟಿಕೆಟ್ ಹರಿದ. ಬಿಟ್ಟಿಯಾಗಿ ಕೂತವರನ್ನು ಕಂಡರೆ ಅವನಿಗಾಗದು. ಹೆತ್ತ ತಾಯಿಯನ್ನೂ ಬಿಡಲಿಲ್ಲ. "ಲೇ, ನಿನ್ನ ಹಡದಾಕಿ ನಾ!" ಎಂದು ಅಜ್ಜಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳಂತೆ. "ಹಡದದ್ದಕ್ಕ ಡಿಪೋದಾಗ ಪಾಸ್ ಕೊಡೂದಿಲ್ಲ ಅವ್ವಾ, ಟಿಕೆಟ್ ತಗೊ" ಎಂದನಂತೆ ಇವನು. ತಂದೆ ತಾಯಿ ಇಲ್ಲದ ನನ್ನನ್ನು ಸಾಕಿದವನು ಈ ಕಾಕಾನೇ. ಬೆಳಿಗ್ಗೆ ನನ್ನ ಪಾಟಿಚೀಲದಲ್ಲಿ ಪಾಸ್ ಇಟ್ಟುಕೊಡುತ್ತಿದ್ದವನೂ ಇವನೇ. ಆದರೂ ಬಸ್ಸೇರಿದೊಡನೆ ನನ್ನೆದುರು ಕೈಚಾಚಿ, "ಪಾಸ್ ತೋರಿಸ್ರಿ" ಎನ್ನುತ್ತಿದ್ದ. ತೋರಿಸ್ರಿ! ಏಳನೆಯ ಇಯತ್ತೆಯ ಹುಡುಗಿಗೆ!

ಬೆಳೆದ ಮೇಲೆ ನಾನು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಸಂಘದ ಕೆಲಸಕ್ಕೆ ನಿಂತೆ. ಅನ್ಯಾಯವನ್ನು ಕಂಡಲ್ಲಿ ಹೆಸರು ಹಿಡಿದು ಕರೆಯಬೇಕೆಂದು ನನಗೆ ಕಲಿಸಿದ ಶಿಕ್ಷಣಕ್ಕೆ ನಾನು ಋಣಿ. ತಂಬಾಕಿನ ಧೂಳು ಒಂದು ಅನ್ಯಾಯ. ಆ ಧೂಳಿನಲ್ಲೇ ಕೂಸನ್ನು ಮಲಗಿಸಿಕೊಂಡು ಬೀಡಿ ಸುತ್ತಬೇಕಾದದ್ದು ಇನ್ನೊಂದು. ಅದನ್ನು ಕೇಳಹೋದ ಹೆಂಗಸಿಗೆ ಕೂಡಲು ಕುರ್ಚಿಯನ್ನೂ ಕೊಡದ ಕಚೇರಿ ಮತ್ತೊಂದು. ನನ್ನ ಈ ಪಟ್ಟಿಗೆ ಕಾಕಾ ಎಂದೂ ಅಡ್ಡ ಬರಲಿಲ್ಲ. ಅವನದು ಒಂದೇ ಷರತ್ತು: "ಸಂಜೀಕ ಬಸ್ ಹತ್ತಿದ ಕೂಡಲೇ ಒಂದ್ ಫೋನ್ ಮಾಡು. ಬ್ಯಾರೆ ಏನೂ ಕೇಳೂದಿಲ್ಲ ನಾ."

ಅದೇಕೆ ಎಂದು ಹೇಳಿದವಳು ಕಾಕಾನ ಹೆಂಡತಿ, ನನ್ನ ಕಾಕು. ಸಂಜೆಗೆ ಬರುತ್ತೇವೆಂದು ಹೋದ ನನ್ನ ಅಪ್ಪ, ಅವ್ವ ಬರಲೇ ಇಲ್ಲ. ಅಂದು ಕತ್ತಲಾಗುವವರೆಗೆ ಕಾಕಾ ನಮ್ಮೂರಾದ ರಾಯಬಾಗದ ಸ್ಟ್ಯಾಂಡಿನಲ್ಲಿ ಬಂದ ಬಂದ ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತಿದ್ದನಂತೆ.

ಇಷ್ಟು ಗೊತ್ತಿದ್ದೂ ಎಷ್ಟೋ ಸಂಜೆ ಆ ಒಂದು ಫೋನನ್ನು ನನಗೆ ಮಾಡಲಾಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆಲ್ಲ ನನ್ನ ಮೊಬೈಲು ಪ್ರಾಣ ಬಿಡುತ್ತಿತ್ತು! ಅದರೊಳಗೆ ಸಂಘಟನೆಯ ಹನ್ನೊಂದು ಗುಂಪುಗಳು, ಎರಡು ಭಾಷೆಯ ಸುದ್ದಿ, ಮೂರು ಬಗೆಯ ಮಿಂಚಂಚೆ. ಎಲ್ಲವೂ ನಾನು ಮುಟ್ಟದಿದ್ದರೂ ಹಿನ್ನೆಲೆಯಲ್ಲಿ ತಾವೇ ತಾಜಾ ಆಗುತ್ತ, ಬ್ಯಾಟರಿಯನ್ನು ನೆಕ್ಕುತ್ತ ಕುಳಿತಿರುತ್ತಿದ್ದವು.

ಕಾಕಾನಿಗೂ ಒಂದು ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಅವನ ಬಸ್ಸಿನಲ್ಲಿ ಈ ಆಟ ನಡೆದೀತೆ? ಚಹಾ ಕುಡಿದು, ಕನ್ನಡಕ ಏರಿಸಿ, ದಿನವೂ ತಪಾಸಣೆಗೆ ಕೂಡುತ್ತಿದ್ದ. "ಯಾರ್ರೀ ನೀವು? ಹತ್ತಿದ್ದೆಲ್ಲಿ? ಟಿಕೆಟ್ ಎಲ್ಲೈತಿ? ಇಳೀರಿ, ಇಳೀರಿ! ಹೋಲ್ಡಾನ್!" ಒಂದೊಂದು ಆ್ಯಪನ್ನೂ ಬೆರಳಿನಿಂದ ಮೇಲಕ್ಕೆ ತಳ್ಳಿ ಇಳಿಸಿ, ಕಡೆಗೆ ಬರಿದಾದ ಪರದೆಗೆ "ರೈಟ್!" ಎನ್ನುತ್ತಿದ್ದ.

ಹೀಗೆ ಒಂದು ದಿನ ಹವಾಮಾನದ ಆ್ಯಪೂ ಇಳಿಯಿತು. ಅಂದೇ ಅಕಾಲದ ಮಳೆ ಬಂದು ಕಾಕುವಿನ ಮಾಳಿಗೆಯ ಮೇಲಿನ ಹಪ್ಪಳವೆಲ್ಲ ಅಂಟಾಯಿತು.

"ಆ ಹವಾಮಾನಕ್ಕರ ಇರಗೊಡಬಾರದಾಗಿತ್ತೇನ್ರಿ?" ಎಂದಳು ಕಾಕು.

"ಕರದಾಗ ಬರಬೇಕದು. ಸುಮ್ಮ ಸುಮ್ಮನ ಕುಂತು ತಿನ್ನೂದಲ್ಲ."

"ನಾ ಕರದಾಗ ನೀವ ಬರೂದಿಲ್ಲ, ಅದೇನ್ ಬರ್ತೈತಿ!"

ಕಾಕು ಬಿಟ್ಟರೂ ನಾನು ಬಿಡುವವಳೆ? "ಕಾಕಾ, ಘಳಿಗಿಗೊಮ್ಮೆ ಮುಚ್ಚಿ ತಗದ್ರ ಬ್ಯಾಟರಿ ಇನ್ನೂ ಜಾಸ್ತಿ ಹೋಗ್ತೈತಂತ" ಎಂದೆ.

"ಸ್ಟಾಪಿಗೊಮ್ಮೆ ನಿಂತ್ರ ಡೀಸೆಲ್ಲೂ ಜಾಸ್ತಿ ಹೋಗ್ತೈತಿ. ಹಂಗಂತ ಮಂದೀನ ಇಳಸಲಾರದ ಹೋಗ್ಲೇನು?"

"ಅವು ಬಿಟ್ಟಿ ಕುಂತಿಲ್ಲ. ಕಾಣದಂಗ ನಿನಗಾಗಿ ದುಡೀತಿರ್ತಾವು."

ಕಾಕಾ ಕನ್ನಡಕದ ಮೇಲಿಂದ ನೋಡಿದ. "ಅಲ್ಲಬೇ, ನೀ ಕಾಣದಂಗ ದುಡ್ಯಾವರ ಪರ ಇದ್ದಾಕಿ. ಕಾಣದಂಗ ತಿನ್ನಾವರ ಪಾರ್ಟಿಗೆ ಯಾವಾಗ ಸೇರಿದಿ?"



ಒಂದೇ ವಾರದಲ್ಲಿ ಎರಡು ಸಂಜೆ ನನ್ನ ಫೋನ್ ಬಾರದಿದ್ದಾಗ, ಮನೆಯವರು ಎಲ್ಲಿದ್ದಾರೆಂದು ನಕಾಶೆಯಲ್ಲಿ ಚುಕ್ಕೆಯಾಗಿ ತೋರಿಸುವ ಆ್ಯಪಿನ ಸುದ್ದಿಯನ್ನು ಕಾಕು ನೆರೆಮನೆಯಿಂದ ತಂದಳು. ನಾನು ಕೆರಳಿದೆ. ದುಡಿಯುವ ಹೆಣ್ಣಿನ ಮೇಲೆ ಕುಟುಂಬದ ಕಣ್ಗಾವಲು! ಯಜಮಾನಿಕೆ ಹಳೆಯದು, ಮುಖವಾಡ ಹೊಸದು! ಭಾಷಣ ಮುಗಿಯುವವರೆಗೆ ಕಾಕಾ ಚಹಾ ಹೀರಿದ. ಕಡೆಗೆ ಸಮಾನತೆಯ ತತ್ತ್ವದ ಮೇಲೆ ಒಪ್ಪಂದವಾಯಿತು: ಅವನು ನನ್ನನ್ನು ನೋಡಬಹುದಾದರೆ ನಾನೂ ಅವನನ್ನು ನೋಡುವೆ. ಇಬ್ಬರ ಫೋನಿಗೂ ಆ್ಯಪ್ ಹಾಕಿ, "ಇದು ಸದಾ ಹಿಂದ ಓಡ್ತಿರಬೇಕು. ಎಲ್ಲಕ್ಕಿಂತ ಜಾಸ್ತಿ ಬ್ಯಾಟರಿ ತಿನ್ನೂದೂ ಇದ" ಎಂದು ಎಚ್ಚರಿಸಿದೆ. ಕಾಕಾನ ಹುಬ್ಬು ಮೇಲೇರಿತು. ಮರುದಿನದ ತಪಾಸಣೆಯಲ್ಲಿ ಇದೇ ಮೊದಲು ಇಳಿಯುತ್ತದೆಂದು ನಾನು ನಿಶ್ಚಿಂತಳಾದೆ.

ಕೆಲವು ತಿಂಗಳ ನಂತರ, ಕಬ್ಬಿನ ಹಂಗಾಮಿನಲ್ಲಿ, ನಿಪ್ಪಾಣಿಯಿಂದ ಹೊರಟ ನನ್ನ ಬಸ್ಸು ಚಿಕ್ಕೋಡಿ ದಾಟಿ ನಿಂತುಬಿಟ್ಟಿತು. ಮುಂದೆ ಕಬ್ಬಿನ ಟ್ರೇಲರೊಂದು ರಸ್ತೆಗೆ ಅಡ್ಡ ಮಗುಚಿತ್ತು. ಬಸ್ ಹತ್ತುವ ನೂಕುನುಗ್ಗಲಲ್ಲಿ ಮಾಡದೆ ಉಳಿಸಿದ್ದ ಫೋನನ್ನು ಆಗ ಮಾಡಹೋದೆ. ಅತ್ತ ರಿಂಗಾಗುವ ಮೊದಲೇ ಪರದೆ ಕಪ್ಪಾಯಿತು. ಪಕ್ಕದವರು ತಮ್ಮ ಮೊಬೈಲು ನೀಡಿದರು; ಆದರೆ ಕಾಕಾನ ನಂಬರು ನನಗೆ ಬಾಯಿಪಾಠವಿರಲಿಲ್ಲ! ಈ ಅನ್ಯಾಯಕ್ಕೆ ಯಾರ ಹೆಸರು ಹಿಡಿದು ಕರೆಯಲಿ?

ಹೊತ್ತು ಇಳಿಯತೊಡಗಿತು. ಒಂದು ತಾಸು ಕಳೆದಿರಬೇಕು. ಬಾಗಿಲಲ್ಲಿ ಯಾರೋ ಬಗ್ಗಿ, ಹಳೆಯ ರೂಢಿಯಂತೆ ತಲೆ ಎಣಿಸುತ್ತ ಬಂದರು. ನನ್ನ ಸೀಟಿನ ಹತ್ತಿರ ಎಣಿಕೆ ನಿಂತಿತು. ಕಾಕಾ! ನೆರೆಯವರ ಸ್ಕೂಟರನ್ನು ಮಗುಚಿದ ಟ್ರೇಲರಿನಾಚೆ ನಿಲ್ಲಿಸಿ, ಕಬ್ಬು ತುಳಿಯುತ್ತ ನಡೆದುಬಂದಿದ್ದ. ಫೋನ್ ಏಕೆ ಮಾಡಲಿಲ್ಲ ಎಂದು ಕೇಳಲಿಲ್ಲ.

"ನಾ ಇಲ್ಲಿ ಅದೀನಂತ ಹೆಂಗ ಗೊತ್ತಾತು?"

ಮೊಬೈಲನ್ನು ಕೈಗಿತ್ತ. ನಕಾಶೆಯಲ್ಲಿ ನನ್ನ ಚುಕ್ಕೆ ಇದೇ ರಸ್ತೆಯಲ್ಲಿ, ಒಂದು ತಾಸಿನ ಹಿಂದೆ ಕೊನೆಯುಸಿರೆಳೆದ ಜಾಗದಲ್ಲಿ ನಿಂತಿತ್ತು. ಮೂಲೆಯಲ್ಲಿ ಬ್ಯಾಟರಿ ಆರೇ ಆರು ಪ್ರತಿಶತ. ಅರ್ಧಕ್ಕಿಂತ ಕೆಳಗೆ ಎಂದೂ ಇಳಿಯಗೊಡದವನ ಬ್ಯಾಟರಿ!

"ಎಲ್ಲಾರನೂ ಇಳಸಾಂವ ನೀ. ಇದನ್ಯಾಕ ಬಿಟ್ಟಿ? ಇದ ಎಲ್ಲಕ್ಕಿಂತ ಜಾಸ್ತಿ ತಿಂತೈತಿ ಅಂದಿದ್ದೆ."

ಕಾಕಾ ಕಿಟಕಿಯ ಹೊರಗೆ ನೋಡಿದ. "ಅದರ ಕಡೆ ಪಾಸ್ ಐತಿ" ಎಂದ.

ಮನೆಗೆ ಬಂದು ಫೋನನ್ನು ಚಾರ್ಜಿಗಿಟ್ಟೆ. ಒಪ್ಪಂದದ ನನ್ನ ಪಾಲನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಂದು ಮೊದಲ ಸಲ ಆ ಆ್ಯಪನ್ನು ತೆರೆದೆ. ಸಾಯುವ ಮೊದಲು ನನ್ನ ಫೋನಿಗೆ ಕಡೆಯದಾಗಿ ತಿಳಿದಿದ್ದನ್ನು ಅದು ತೋರಿಸಿತು. ಸಂಜೆ ನಾಲ್ಕೂವರೆ, ಕಾಕಾನ ಚುಕ್ಕೆ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ.

"ಕಾಕಾ ಇವತ್ತ ಸ್ಟ್ಯಾಂಡಿಗೆ ಹೋಗಿದ್ನೇನು?" ಎಂದು ಕಾಕುವನ್ನು ಕೇಳಿದೆ.

"ಇವತ್ತೇನವಾ, ದಿನಾ ಹೋಗ್ತಾರ. ನೀ ಓಣಿ ಹೊಕ್ಕಿದ್ದು ಕಂಡ ಮ್ಯಾಲ ಹಿಂದಿನ ಹಾದೀಲೆ ಬಂದು ಕಟ್ಟಿ ಮ್ಯಾಲ ಕುಂತ್‌ಬಿಡ್ತಾರ."

ನಾನು ಹೊಸ್ತಿಲಲ್ಲಿ ಕೂತು ನನ್ನ ಫೋನಿನ ತಪಾಸಣೆ ಮಾಡಿದೆ. ಹನ್ನೊಂದು ಗುಂಪುಗಳು, ಸುದ್ದಿ, ಅಂಚೆ, ಎಲ್ಲವನ್ನೂ ಒಂದೊಂದಾಗಿ ಇಳಿಸಿದೆ. ಒಂದನ್ನು ಬಿಟ್ಟು.