ಕೊನೆಯ ಪುಟದ ಕವಿತೆ

ಸಂಜೆಯ ಕವಿತೆ ಸಭೆಗೆ ಬರಬೇಕಿದ್ದ ಭಾಷಣಕಾರರ ಗಂಟಲು ಕಟ್ಟಿದ್ದೇ ಎಲ್ಲಕ್ಕೂ ಮೂಲ. ಬೆಳಗ್ಗೆ ಹತ್ತಕ್ಕೆ ಮುಖ್ಯಸ್ಥರು ಗ್ರಂಥಾಲಯದ ಸಹಾಯಕಿಯ ಮೇಜಿನ ಮೇಲೆ ನಾಲ್ಕು ಹೊಸ ಕವನ ಸಂಕಲನಗಳನ್ನು ತಂದಿಟ್ಟರು.

"ಸಂಜೆ ಐದಕ್ಕೆ ಇವುಗಳ ಬಗ್ಗೆ ನೀವೇ ಮಾತಾಡಿ. ಕವಿತೆ ಕಪಾಟು ಉಳಿಸಿ ಅಂತ ಅರ್ಜಿ ಕೊಟ್ಟವರು ನೀವೇ ತಾನೆ? ಒಂದು ವರ್ಷದಿಂದ ಅದರಿಂದ ಒಂದು ಪುಸ್ತಕಾನೂ ಆಚೆ ಹೋಗಿಲ್ಲ. ಇವತ್ತೂ ಯಾರೂ ತಗೊಳ್ಳದಿದ್ರೆ ಅಲ್ಲಿ ಪರೀಕ್ಷೆ ಗೈಡ್ ಇಡ್ತೀನಿ."

ಅವಳು ಪುಸ್ತಕಗಳ ಕೊನೆಯ ಪುಟದ ಮೇಲ್ತುದಿಗೆ ಅವಸರದಲ್ಲಿ ತಾರೀಕಿನ ಚೀಟಿ ಅಂಟಿಸಿ ಓದಲು ಕೂತಳು. ಮೊದಲನೆಯದರಲ್ಲಿ ಪುಟಕ್ಕೆ ಮೂರೇ ಪದ. ಉಳಿದ ಬಿಳಿ ಜಾಗ ನೋಡುತ್ತ, ಒಲೆ ಆರಿಸದೆ ಬಂದೆನೇನೋ ಎಂಬಂಥ ಗಾಬರಿಯಾಯಿತು. ಎರಡನೆಯದರಲ್ಲಿ ಪೂರ್ಣವಿರಾಮವೇ ಇಲ್ಲ. ನಾಲ್ಕು ಮಹಡಿ ಹತ್ತಿದವಳಂತೆ ಏದುಸಿರು ಬಂತು. ಮೂರನೆಯದನ್ನು ಬರೆದವಳು ನರ್ಸ್. ರೋಗಿಯ ಚಪ್ಪಲಿಗಳನ್ನು ಮಂಚದಡಿ ಜೋಡಿಸಿಡುವ ಎಂಟು ಸಾಲು ಓದಿ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

"ಅಳೋ ಪುಸ್ತಕಾನಾ?" ದಿನಾ ಪೇಪರ್ ಓದಲು ಬರುವ ನಿವೃತ್ತ ಗುಮಾಸ್ತರು ಹತ್ತಿರ ಬಂದರು. "ಪ್ರಾಸ ಇದೆಯಾ?"

"ಇಲ್ಲ ಸರ್."

"ಮತ್ತೆ ಕವಿತೆ ಅಂತ ಹೇಗೆ ಗೊತ್ತಾಗುತ್ತೆ?"

"ಸಾಲು ಅರ್ಧಕ್ಕೆ ನಿಂತಿರುತ್ತೆ."

"ನಮ್ಮನೆ ನಲ್ಲೀನೂ ಅರ್ಧಕ್ಕೆ ನಿಲ್ಲುತ್ತೆ ತಾಯಿ."

ಈ ಚರ್ಚೆ ಮುಗಿಯುವಷ್ಟರಲ್ಲಿ ನಾಲ್ಕೂ ಮುಕ್ಕಾಲಾಯಿತು. ನಾಲ್ಕನೆಯ ಪುಸ್ತಕದಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಕೊನೆಯ ಪುಟವೊಂದೇ.

ಸಭೆಯಲ್ಲಿ ಮೂರು ಪುಸ್ತಕಗಳ ಬಗ್ಗೆ ಅನಿಸಿದ್ದನ್ನೇ ಹೇಳಿದಳು. ನಾಲ್ಕನೆಯದನ್ನು ತೆರೆದು ಓದಿದಳು: "ಮುನಿಸು, ಮನಸು. ಹಸಿವು, ಹಸಿರು. ಗೋರಿ, ಗರಿ." ತಲೆಯೆತ್ತಿ, "ಒಂದೂ ಕ್ರಿಯಾಪದ ಇಲ್ಲ, ನೋಡಿ. ಆದರೂ ಗೋರಿಯಿಂದ ಗರಿ ಹಾರಿಹೋಗುತ್ತೆ. ಇಡೀ ಪುಸ್ತಕದ ಜೀವ ಇಲ್ಲಿದೆ," ಎಂದಳು.

ಜೋರು ಚಪ್ಪಾಳೆ. ಮೊದಲ ಸಾಲಿನಲ್ಲಿದ್ದ ಆ ಪುಸ್ತಕದ ಕವಿ ಮೆಲ್ಲಗೆ ಎದ್ದರು. "ಮೇಡಂ, ಆ ತಾರೀಕಿನ ಚೀಟಿ ಸ್ವಲ್ಪ ಎತ್ತಿ ನೋಡ್ತೀರಾ?"

ಎತ್ತಿದಳು. ಅಡಿಯಲ್ಲಿ ಎರಡು ತಲೆಬರಹ: ತಪ್ಪು, ಒಪ್ಪು.

"ಅದು ಅಚ್ಚಿನ ತಪ್ಪುಗಳ ಪಟ್ಟಿ. ನನ್ನ ಕವಿತೆಗಳು ಅದರ ಹಿಂದಿನ ಎಂಬತ್ತು ಪುಟದಲ್ಲಿವೆ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವಳ ಕಿವಿಗಳು ಇಸ್ತ್ರಿಪೆಟ್ಟಿಗೆಯ ತಳದಂತೆ ಕಾದವು. ಆದರೂ ಮೈಕು ಬಿಡಲಿಲ್ಲ. "ತಪ್ಪೇ ಇಷ್ಟು ಚೆನ್ನಾಗಿದ್ರೆ ಒಪ್ಪು ಹೇಗಿರಬಹುದು? ಮನೆಗೆ ತಗೊಂಡು ಹೋಗಿ ನೋಡಿ."

ಪುಸ್ತಕ ಕೇಳುವವರ ಸಾಲು ಬಾಗಿಲವರೆಗೆ ಬೆಳೆಯಿತು. ಗುಮಾಸ್ತರೇ ಮೊದಲಿಗರು. "ಬಿಳಿ ಜಾಗ ಇರೋದು ಕೊಡಿ. ಪ್ರಾಸ ನಾನು ತುಂಬ್ತೀನಿ."

"ಪುಸ್ತಕದಲ್ಲಿ ಬರೀಬಾರದು ಸರ್."

ಆರೂವರೆಗೆ ಕಪಾಟಿನಲ್ಲಿ ಧೂಳು ಮಾತ್ರ ಉಳಿದಿತ್ತು. ಅವಳು ಮುಖ್ಯಸ್ಥರ ಕೋಣೆಗೆ ಓಡಿದಳು. "ಸರ್, ಹಳೇದು ಹೊಸದು ಎಲ್ಲ ಹೋಯ್ತು. ಒಂದೂ ಉಳಿದಿಲ್ಲ."

"ಒಳ್ಳೇದಾಯ್ತು," ಎಂದರು ಮುಖ್ಯಸ್ಥರು. "ಖಾಲಿ ಮಾಡೋ ಕೆಲಸ ತಪ್ಪಿತು. ನಾಳೆ ಅಲ್ಲಿ ಗೈಡ್ ಜೋಡಿಸಿಬಿಡಿ."

"ಹದಿನೈದು ದಿನಕ್ಕೆ ಎಲ್ಲ ವಾಪಸ್ ಬರುತ್ತಲ್ಲ ಸರ್. ಎಲ್ಲಿಡೋದು?"

"ಬಂದ ದಿನಾನೇ ಇನ್ನೊಬ್ಬರಿಗೆ ದಾಟಿಸಿ. ಹದಿನೈದು ದಿನಕ್ಕೊಂದು ಸಭೆ, ಭಾಷಣ ನಿಮ್ಮದೇ. ಮುಂದಿನ ಸಲ ಆ ನಾಲ್ಕನೇ ಪುಸ್ತಕ ಪೂರ್ತಿ ಓದ್ಕೊಂಡು ಬನ್ನಿ."

ಅವಳು ತಕ್ಷಣ ಆ ಪುಸ್ತಕಕ್ಕೆ ಕಾಯುವವರ ಪಟ್ಟಿ ತೆರೆದು ತನ್ನ ಹೆಸರು ಬರೆದಳು. ಹದಿನೇಳನೆಯದು.